ಹತ್ತರಿಂದ ಭಾಗಿಸಿದ ಮದ್ದು

ನನ್ನ ತಮ್ಮನಿಗೆ ನಾನೊಂದು ಲೆಕ್ಕ ಹೇಳಿಕೊಟ್ಟೆ. ಅದು ತಪ್ಪು ಲೆಕ್ಕ ಎಂದು ಆಮೇಲೆ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಎರಡು ವರ್ಷ ಅವನಿಗೆ ಹೇಳಲಿಲ್ಲ. ಅಪ್ಪನಿಗೆ ಬಂದ ಕೈನಡುಕ ತನಗೂ ಬಂತು ಎಂದು ನಂಬಿಕೊಂಡು ಅವನು ಆ ಎರಡು ವರ್ಷ ಬದುಕಿದ. ನಾನು ಒಪ್ಪಿಕೊಳ್ಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದೂ ಒಂದು ಬಗೆಯಲ್ಲಿ ತಪ್ಪಿಸಿಕೊಂಡ ಹಾಗೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಕೈಕೆಲಸ ಕಲಿತು ಸಿಂಗಪುರಕ್ಕೆ ಬಂದವನು. ಸೆಲೆಟಾರಿನ ಒಂದು ಕಾರ್ಖಾನೆಯಲ್ಲಿ ವಿಮಾನದ ಎಂಜಿನ್ ಭಾಗಗಳಿಗೆ ಲೋಹದ ಪುಡಿಯನ್ನು ಕಾಯಿಸಿ ಎರಚಿ ಲೇಪ ಹಾಕುತ್ತಿದ್ದರು. ಎರಚುವವರು ಬೇರೆ. ಪುಡಿ ಒಂದೇ ಸಮನೆ ಹರಿದು ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದೊಂದನ್ನೇ ಮಾಡಿದೆ. ಇಲ್ಲಿಯ ತೇವದ ಹವೆಗೆ ಪುಡಿ ಗಂಟು ಕಟ್ಟುತ್ತಿತ್ತು, ಕೊಳವೆಯ ಬಾಯಲ್ಲಿ ಕಮಾನಿನ ಹಾಗೆ ನಿಂತುಬಿಡುತ್ತಿತ್ತು. ಬೆರಳಲ್ಲಿ ಒಮ್ಮೆ ತಟ್ಟಿ, ಶಬ್ದ ಕೇಳಿ, ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳಬಲ್ಲವನಾಗಿದ್ದೆ. ಹರಿವು ಸರಿಯಿದೆಯೇ ಎಂದು ನೋಡಲು ನಾವು ಒಂದು ನಿಮಿಷದ ಪುಡಿಯನ್ನು ಬಟ್ಟಲಲ್ಲಿ ಹಿಡಿದು ತೂಗುತ್ತಿದ್ದೆವು. ನಿಮಿಷದ ತೂಕ ಸರಿಯಿದ್ದರೆ ಎಲ್ಲವೂ ಸರಿ. ಈ ಒಂದು ಪಾಠ ನನ್ನ ರಕ್ತಕ್ಕೇ ಇಳಿದುಹೋಗಿತ್ತು.

ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ ಹಾಲಿನ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದ. ನಿವೃತ್ತಿಯಾಗುವ ಹೊತ್ತಿಗೆ ಊರಿನ ರೈಫಲ್ ಕ್ಲಬ್ಬು ಸೇರಿದ. ಹುಲಿ ಹೊಡೆಯುವುದಲ್ಲ, ಕಾಗದದ ಮೇಲಿನ ವೃತ್ತಕ್ಕೆ ಹೊಡೆಯುವುದು. ಅಲ್ಲಿ ಲೈಸೆನ್ಸಿನವರು ತಮ್ಮ ತೋಟಾಗಳನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ತುಂಬಿಕೊಳ್ಳುತ್ತಾರಂತೆ. ಹಾರಿಸಿದ ಹಿತ್ತಾಳೆ ಚಿಪ್ಪನ್ನು ತೊಳೆದು, ಹೊಸ ಮದ್ದು ಸುರಿದು, ಮೇಲೆ ಗುಂಡು ಕೂರಿಸುವುದು. ನಮ್ಮ ಸಿಂಗಪುರದಲ್ಲಿ ಇದನ್ನು ಕನಸಲ್ಲೂ ನೆನೆಯುವ ಹಾಗಿಲ್ಲ. ಒಮ್ಮೆ ಅವನು ಇಲ್ಲಿಗೆ ಬರುವಾಗ ತೋರಿಸಲಿಕ್ಕೆಂದು ಒಂದು ಖಾಲಿ ಚಿಪ್ಪು ತರುತ್ತೇನೆ ಅಂದದ್ದಕ್ಕೆ ನನ್ನ ಮಗಳು ಫೋನಿನಲ್ಲೇ ಇಲ್ಲಿಯವರ ರಾಗದಲ್ಲಿ ಕಿರುಚಿದ್ದಳು: “ಚಿಕ್ಕಪ್ಪಾ, ಏರ್‌ಪೋರ್ಟಿಂದ ನೇರ ಲಾಕಪ್ಪಿಗೆ ಹೋಗ್ತೀರ! ಚಾಕ್ಲೇಟ್ ತನ್ನಿ, ಸಾಕು ಲಾ!”

ಹೀಗೆ, ನಾನು ಜೀವಮಾನದಲ್ಲಿ ಒಂದು ಚಿಟಿಕೆ ಕೋವಿಮದ್ದನ್ನೂ ಮುಟ್ಟಿದವನಲ್ಲ. ಆದರೂ ತಮ್ಮನ ಮದ್ದಿನ ಗುರು ನಾನೇ ಆದೆ.

ಹೆಂಡತಿ ತೀರಿಕೊಂಡ ಮೇಲೆ ಇಲ್ಲೇ ಯಿಶುನ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟ್. ಶನಿವಾರ ಬೆಳಿಗ್ಗೆ ತಿಂಡಿಯಾದ ಮೇಲೆ ತಮ್ಮನ ವಿಡಿಯೋ ಕಾಲ್. ಅಲ್ಲಿ ಆಗಲೇ ಮಧ್ಯಾಹ್ನ. ಅವನು ಫೋನನ್ನು ಗ್ಯಾರೇಜಿನ ಗೋಡೆಗೆ ಒರಗಿಸಿ ಇಟ್ಟು ಕೂರುತ್ತಿದ್ದ. ಅವನ ಮುಂದೆ ಮದ್ದು ಅಳೆಯುವ ಒಂದು ಸಣ್ಣ ಯಂತ್ರ: ಮೇಲೆ ಮದ್ದು ತುಂಬುವ ಕೊಳವೆ, ಒಳಗೆ ಗುಳಿಯಿರುವ ಉರುಳೆ, ಪಕ್ಕದಲ್ಲೊಂದು ಹಿಡಿ. ಹಿಡಿ ಎತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ಅಷ್ಟು ಮದ್ದು ಕೆಳಕ್ಕೆ ಬೀಳುತ್ತದೆ. ಪ್ರತಿ ಸಲವೂ ಅಷ್ಟೇ ಬೀಳಬೇಕು. ಅದೇ ಆಗುತ್ತಿರಲಿಲ್ಲ.

“ಈ ಸಲ ಜಾಸ್ತಿ,” ಅನ್ನುತ್ತಿದ್ದ ತಕ್ಕಡಿ ನೋಡಿ. ಮತ್ತೆ ಹಿಡಿ. “ಥತ್, ಈ ಸಲ ಕಮ್ಮಿ. ಅಣ್ಣ, ಇದಕ್ಕೇನು ಬಂದಿದೆ ರೋಗ?”

ಮೂರು ಬಗೆಯ ಮದ್ದಿನ ಡಬ್ಬಿಗಳಿದ್ದವು. ಒಂದೊಂದನ್ನೂ ಬಿಳಿ ಕಾಗದದ ಮೇಲೆ ಸುರಿದು ಕ್ಯಾಮೆರಾಕ್ಕೆ ಹಿಡಿದ. ಒಂದು ಸಾಸಿವೆಯ ಹಾಗೆ ಗುಂಡಗೆ. ನೀರಿನಂತೆ ಹರಿದು ಯಂತ್ರದಲ್ಲಿ ಕರಾರುವಾಕ್ಕಾಗಿ ಬೀಳುತ್ತಿತ್ತು. ಇನ್ನೊಂದು ಪೇಪರ್ ಅವಲಕ್ಕಿಯ ಚೂರಿನಂತೆ. ಮೂರನೆಯದು ಮುರಿದ ಶಾವಿಗೆ. ಶಾವಿಗೆಯ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದು ಗುಳಿಯ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಉರುಳೆ ತಿರುಗುವಾಗ ಕಡ್ಡಿ ಕತ್ತರಿಸುವ ಕರ್ ಎಂಬ ಸದ್ದು ನನಗೆ ಇಲ್ಲಿಗೇ ಕೇಳುತ್ತಿತ್ತು. ಆದರೆ ಅವನ ರೈಫಲ್ಲಿಗೆ ಒಗ್ಗಿದ್ದು ಈ ಶಾವಿಗೆಯೇ. ಸಾಸಿವೆ ಚೆನ್ನಾಗಿ ಅಳತೆಗೆ ಬರುತ್ತದೆ, ಗುರಿ ಚೆದುರುತ್ತದೆ. ಶಾವಿಗೆ ಗುರಿಗೆ ಹೋಗುತ್ತದೆ, ಅಳತೆಗೆ ಬರುವುದಿಲ್ಲ. ತಲೆ ಚಚ್ಚಿಕೊಳ್ಳುವಂಥ ಸಂಕಟ.

ಕುರಿ ಸಾಕಿ ಮುದುಕನಾದ ಒಬ್ಬ ಬಿಳಿಯ ಕ್ಲಬ್ಬಿನಲ್ಲಿದ್ದ. ಅವನು ಹೇಳಿದ್ದು ಎರಡೇ ಮಾತು: ಅದೇ ಮದ್ದಿನಲ್ಲಿ ಚಿಕ್ಕ ತುಂಡಿನದು ಸಿಗುತ್ತದೆ, ಅದಕ್ಕೆ ಬದಲಾಯಿಸು, ಇಲ್ಲವಾದರೆ ಒಂದೊಂದು ತೋಟಾದ ಮದ್ದನ್ನೂ ಬೇರೆಯಾಗಿ ತೂಗು.

ತಮ್ಮ ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು. “ಕುರಿ ಕಾಯೋನಿಗೆ ಪುಡಿ ವಿಷಯ ಏನೋ ಗೊತ್ತು? ನಾನು ಇಪ್ಪತ್ತಾರು ವರ್ಷ ಏನು ಕತ್ತೆ ಕಾದೆನಾ?”

“ಹಂಗಲ್ಲ ಅಣ್ಣ. ಒಂದೊಂದೇ ತೂಗ್ತಾ ಕೂತ್ರೆ ಬೆನ್ನು ಬಿದ್ದೋಗುತ್ತೆ. ನೀನೇ ಏನಾದ್ರೂ ದಾರಿ ಹೇಳು.”

ಹೇಳಿದೆ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪನ್ನು ಯಂತ್ರಕ್ಕೆ ಕಟ್ಟಿಸಿದೆ, ಅದರ ನಡುಕಕ್ಕೆ ಕಡ್ಡಿಗಳು ಇಳಿಯಲಿ ಎಂದು. ಆಮೇಲೆ, ಒಂದೊಂದನ್ನು ತೂಗಬೇಡ, ಹತ್ತು ಸಲ ಸುರಿ, ಒಟ್ಟಿಗೆ ತೂಗು, ಹತ್ತರಿಂದ ಭಾಗಿಸು ಅಂದೆ. ಸುರಿದ, ತೂಗಿದ, ಭಾಗಿಸಿದ. ಬೇಕಾದಷ್ಟೇ ಬಂತು. ಇನ್ನೊಂದು ಹತ್ತು. ಅಷ್ಟೇ ಬಂತು. ಮೂರನೆಯ ಹತ್ತೂ ಅಷ್ಟೇ.

“ಅಣ್ಣ! ನೀನು ಇಂಜಿನಿಯರ್ ಆಗ್ಬೇಕಿತ್ತು ಕಣೋ!”

ಎಸ್ಸೆಸ್ಸೆಲ್ಸಿಗೇ ಓದು ನಿಂತವನಿಗೆ ಈ ಮಾತು ಎಷ್ಟು ಸಿಹಿ ಎಂದು ಹೆಚ್ಚು ಓದಿದವರಿಗೆ ತಿಳಿಯುವುದಿಲ್ಲ. ಅವತ್ತು ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಹೋಗಿ ಒಬ್ಬನೇ ಎರಡು ಕಪ್ ಕಾಫಿ ಕುಡಿದೆ.

ಆ ಋತುವಿನ ಮೊದಲ ಸ್ಪರ್ಧೆಯಲ್ಲಿ ತಮ್ಮ ಕೊನೆಯವನಾದ. ಗುರಿಹಲಗೆಯ ಫೋಟೋ ಕಳಿಸಿದ. ತೂತುಗಳು ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ದಾರಕ್ಕೆ ಪೋಣಿಸಿದ ಹಾಗೆ ಮೇಲಿಂದ ಕೆಳಕ್ಕೆ ಒಂದು ಸಾಲು. ಕುರಿಯವನು ನೋಡಿ, ಇದು ಮದ್ದಿನ ಕೆಲಸ, ಕಮ್ಮಿ ಬಿದ್ದದ್ದು ಕೆಳಗೆ, ಜಾಸ್ತಿ ಬಿದ್ದದ್ದು ಮೇಲೆ ಅಂದನಂತೆ. ನಾನು ಒಪ್ಪಲಿಲ್ಲ. “ಮದ್ದು ಲೆಕ್ಕಕ್ಕೆ ಸರಿಯಿದೆ. ಉಸಿರು ಹಿಡಿದಿರಲ್ಲ ನೀನು.” ಮುಂದಿನ ಸಲ ಉಸಿರು ಹಿಡಿದ. ಮತ್ತೆ ಅದೇ ಸಾಲು. ಒಂದು ಸಲ ಹಾರಿಸಿದ ಮೇಲೆ ರೈಫಲ್ಲಿನ ಬೋಲ್ಟು, ಅಂದರೆ ಖಾಲಿ ಚಿಪ್ಪನ್ನು ಹೊರಗೆಳೆಯುವ ಹಿಡಿ, ಎತ್ತಲು ಬಾರದೆ ಬಿಗಿದುಕೊಂಡಿತು. ಅದು ಮದ್ದು ಹೆಚ್ಚಾದದ್ದರ ಗುರುತು. ಇನ್ನೂ ಹೆಚ್ಚಾಗಿದ್ದರೆ ಅವನ ಮುಖವೇ ಹೋಗುತ್ತಿತ್ತು. ನಾನು ಹೇಳಿದ್ದೇನು? “ಧೂಳು ಕೂತಿರುತ್ತೆ, ಎಣ್ಣೆ ಹಾಕು.”

ಮೂರನೆಯ ಸ್ಪರ್ಧೆಯಾದ ಮೇಲೆ ಅವನು ಗ್ಯಾರೇಜಿನಲ್ಲಿ ಕೂರದೆ ಅಡುಗೆಮನೆಯಿಂದ ಮಾತಾಡಿದ.

“ಅಣ್ಣ, ಅಪ್ಪಂಗೆ ಶುರುವಾದಾಗ ಎಷ್ಟು ವಯಸ್ಸು?”

“ಯಾಕೆ?”

“ನಂಗೆ ಕೈ ನಡುಗ್ತಿದೆ ಅನ್ಸುತ್ತೆ. ಡಾಕ್ಟ್ರು ಏನಿಲ್ಲ ಅಂತಾರೆ. ಶುರೂನಲ್ಲಿ ಗೊತ್ತಾಗಲ್ವಂತೆ. ಅಪ್ಪಂಗೂ ಹಂಗೇ ಅಲ್ವ?”

ನ್ಯೂಜಿಲೆಂಡಿಗೆ ಹೋಗುವ ಮುಂಚೆ ಊರಲ್ಲಿದ್ದುಕೊಂಡು ಅಪ್ಪನಿಗೆ ಕೊನೆಯ ಎಂಟು ವರ್ಷ ಊಟ ಮಾಡಿಸಿದವನು ಈ ತಮ್ಮ. ನಾನು ಇಲ್ಲಿದ್ದೆ. ತಟ್ಟೆಗೆ ಚಮಚ ಬಡಿಯುವ ಸದ್ದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಅಂಥವನು ಕೇಳಿದಾಗ ನಾನು ಅಂದದ್ದು: “ವಯಸ್ಸಾಯ್ತಲ್ಲ ಮಾರಾಯ. ಅದೆಲ್ಲ ಇದ್ದದ್ದೇ.”

ಆಗಿನ್ನೂ ನನ್ನ ಲೆಕ್ಕದ ತಪ್ಪು ನನಗೆ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ಗೊತ್ತಾದದ್ದು ಅದಾಗಿ ಎರಡು ವಾರಕ್ಕೆ.

ಲಿಟಲ್ ಇಂಡಿಯಾದಿಂದ ಶಾವಿಗೆ ತಂದಿದ್ದೆ. ಮಗಳ ಅಡುಗೆಮನೆಯಲ್ಲಿ ಕೂತು ಅದನ್ನು ಚೂರು ಮಾಡಿ, ಮಾತ್ರೆಯ ಡಬ್ಬಿಯ ಮುಚ್ಚಳದಲ್ಲಿ ಅಳೆದು ಅಳೆದು ಬಟ್ಟಲಿಗೆ ಸುರಿಯುತ್ತಿದ್ದೆ, ನನ್ನ ಲೆಕ್ಕ ಸರಿ ಎಂದು ನನಗೇ ತೋರಿಸಿಕೊಳ್ಳಲಿಕ್ಕೆ. ಮಗಳು ಕೆಲಸ ಮುಗಿಸಿ ಬಂದು ನೋಡಿದಳು.

“ಅಪ್ಪ, ಪಾಯಸಾನಾ?”

ನನ್ನ ವಿಧಾನ ವಿವರಿಸಿದೆ. ಅವಳು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತಳು.

“ಹತ್ತನ್ನ ಒಟ್ಟಿಗೆ ತೂಗ್ತೀರಾ? ನಾವು ಕ್ಯಾಪ್ಸೂಲನ್ನ ಹಾಗೆ ಚೆಕ್ ಮಾಡಿದ್ರೆ ಒಬ್ಬ ಪೇಷಂಟಿಗೆ ಅರ್ಧ ಡೋಸ್, ಇನ್ನೊಬ್ಬರಿಗೆ ಒಂದೂವರೆ. ಆವರೇಜ್ ಮಾತ್ರ ಪರ್ಫೆಕ್ಟ್! ಪೇಷಂಟ್ ಆವರೇಜ್ ನುಂಗಲ್ಲ ಅಪ್ಪ, ಒಂದು ಕ್ಯಾಪ್ಸೂಲ್ ನುಂಗೋದು.”

“ನಮ್ಮ ಶಾಪಲ್ಲಿ ನಿಮಿಷದ ತೂಕಾನೇ…”

“ಅಲ್ಲಿ ಪುಡಿ ನಿಲ್ಲದೆ ಹೋಗ್ತಾ ಇರತ್ತೆ. ಹೆಚ್ಚು ಕಮ್ಮಿ ಎಲ್ಲ ಒಂದೇ ಲೇಪದಲ್ಲಿ ಮಿಕ್ಸ್ ಆಗತ್ತೆ. ಚಿಕ್ಕಪ್ಪನ ಬುಲೆಟ್ ಒಂದೊಂದೇ ಅಲ್ವಾ ಹೋಗೋದು?”

ಅವಳು ಸ್ನಾನಕ್ಕೆ ಹೋದಳು. ಅವಳ ಅಡುಗೆ ಪದಾರ್ಥ ತೂಗುವ ತಕ್ಕಡಿ ತೆಗೆದು ನಾನು ಒಂದೊಂದೇ ಮುಚ್ಚಳ ತೂಗಿದೆ. ಯಾವುದೂ ಇನ್ನೊಂದರ ಹಾಗಿರಲಿಲ್ಲ. ಹತ್ತನ್ನು ಕೂಡಿಸಿದೆ, ಮೊತ್ತ ಎಂದಿನಂತೆ ಸರಿಯಾಗಿತ್ತು. ಎಳೆಯ ಮಗುವೂ ತಿಳಿಯಬಹುದಾದ ವಿಷಯ. ಶಾವಿಗೆಯನ್ನು ಕಸದ ಬುಟ್ಟಿಗೆ ಸುರಿದು ಮೇಲೊಂದು ಪೇಪರ್ ಮುಚ್ಚಿದೆ, ಯಾರೋ ಹುಡುಕಿ ತೆಗೆಯುತ್ತಾರೇನೋ ಎಂಬಂತೆ.

ಶನಿವಾರ ಹೇಳೋಣ ಅಂದುಕೊಂಡೆ. ಶನಿವಾರ ಅವನು ಕರೆದು, ರೈಫಲ್ ಮಾರಿಬಿಟ್ಟೆ ಅಂದ. ಅಳೆಯುವ ಯಂತ್ರವನ್ನು ಕುರಿಯವನಿಗೆ ಕೊಟ್ಟನಂತೆ. “ಹೋಗ್ಲಿ ಬಿಡಣ್ಣ. ಪೀಡೆ ಕಳೀತು,” ಅಂದ. ಆಗಲೇ ಬಾಯಿ ತೆರೆಯಬೇಕಿತ್ತು. ಮಾರಿದ ಮೇಲೆ ಹೇಳಿ ಏನು ಪ್ರಯೋಜನ, ಇನ್ನಷ್ಟು ನೋಯುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನೀನು ಇಂಜಿನಿಯರ್ ಆಗಬೇಕಿತ್ತು ಅಂದವನ ಬಾಯಲ್ಲಿ ಇನ್ನೊಂದು ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಬೋಲ್ಟು ಬಿಗಿದದ್ದು ನೆನಪಾದರೆ ಕಟ್ಟಡದ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದವನು ಎದ್ದು ನಡೆಯತೊಡಗುತ್ತಿದ್ದೆ. ಎರಡು ವರ್ಷ ಶನಿವಾರ ಶನಿವಾರ ಹವಾಮಾನ, ಕ್ರಿಕೆಟ್ಟು, ಮೊಣಕಾಲಿನ ನೋವು ಮಾತಾಡಿದೆವು.

ಕಳೆದ ತಿಂಗಳು ಅವನ ಮಗಳಿಗೆ ಹೆರಿಗೆಯಾಯಿತು. ಫೋಟೋಗಳಲ್ಲಿ ಎಲ್ಲರೂ ಮಗುವನ್ನು ಎತ್ತಿಕೊಂಡಿದ್ದಾರೆ, ಇವನು ಮಾತ್ರ ಕೈ ಕಟ್ಟಿ ಹಿಂದೆ ನಿಂತಿದ್ದಾನೆ. ಯಾಕೋ ಎಂದು ಕೇಳಿದೆ.

“ಬೀಳಿಸ್ಬಿಟ್ರೆ?” ಅಂದ.

ಆಗ ಹೇಳಿದೆ. ಹತ್ತರ ಲೆಕ್ಕ, ಶಾವಿಗೆ, ಮಗಳ ಮಾತು, ಎರಡು ವರ್ಷ, ಎಲ್ಲವನ್ನೂ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡು “ಕೇಳ್ತಿದೆಯಾ?” ಎಂದೆ.

“ಕೇಳ್ತಿದೆ. ಮದ್ದು ತಪ್ಪಿದ್ದಕ್ಕೆ ನಾನೇನೂ ಅನ್ನಲ್ಲ ಅಣ್ಣ. ಯಾರಿಗಾದ್ರೂ ತಪ್ಪುತ್ತೆ. ನಾನು ಎರಡು ವರ್ಷದಿಂದ ಬಿಸಿ ಕಾಫೀನ ಎರಡು ಕೈಯಲ್ಲಿ ಹಿಡ್ಕೊಂಡು ಕುಡೀತಿದೀನಿ. ದಿನಾ ಬೆಳಿಗ್ಗೆ ಎದ್ದು ಮೊದ್ಲು ಕೈ ನೋಡ್ಕೋತೀನಿ. ಪ್ರತಿ ಶನಿವಾರ ನೀನು ನನ್ನ ಮುಖ ನೋಡ್ತಾ ಮಾತಾಡ್ದೆಯಲ್ಲೋ!”

ಕಟ್ ಮಾಡಿದ. ಮುಂದಿನ ಶನಿವಾರ ಕರೆಯಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಬೈಯಲಾದರೂ ಎತ್ತಬಾರದೇ ಎಂದು ನನಗೇ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡುವ ಹಕ್ಕು ನನಗಿಲ್ಲ ಎಂದು ನೆನಪಾಗಿ ಅದು ಇನ್ನೂ ಹೆಚ್ಚುತ್ತಿತ್ತು.

ಮೊನ್ನೆ ಅವನೇ ಕರೆದ. ನಮಸ್ಕಾರವಿಲ್ಲ, ಊಟ ಆಯ್ತಾ ಇಲ್ಲ. ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದ. ಬೆರಳುಗಳನ್ನು ಅಗಲಿಸಿ ಹಾಗೇ ಹಿಡಿದ.

“ನೋಡು. ನಡುಗ್ತಿದೆಯಾ?”

ಕನ್ನಡಕ ಹಾಕಿಕೊಂಡು ನೋಡಿದೆ. “ಇಲ್ಲ. ಒಂಚೂರೂ ಇಲ್ಲ.”

“ನಿನ್ನ ಮಾತು ಬೇಡ. ಮಗಳನ್ನ ಕರಿ.”

ಕರೆದೆ. ಪಾತ್ರೆ ತೊಳೆಯುತ್ತಿದ್ದ ಮಗಳು ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಸರಿದು ನಿಂತೆ. ಅವಳು ಪರದೆಯ ಹತ್ತಿರ ಬಗ್ಗಿ, ಆ ಎರಡು ಕೈಗಳನ್ನು ಬಹಳ ಹೊತ್ತು ನೋಡಿದಳು. ಒಂದೊಂದೇ ಕೈ ಎತ್ತಿಸಿದಳು, ಬೆರಳಿಂದ ಮೂಗು ಮುಟ್ಟಿಸಿದಳು, ಲೋಟ ಹಿಡಿಸಿದಳು.

“ಚಿಕ್ಕಪ್ಪ, ನಂಗೇನೂ ಕಾಣ್ತಿಲ್ಲ. ನಿಮ್ಮ ಡಾಕ್ಟರ್ ಹೇಳಿದ್ದು ಸರಿ.”

ಅಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. ಪರದೆಯಲ್ಲಿ ಖಾಲಿ ಮೇಜು, ಅದರಾಚೆ ಒಂದು ಬಾಗಿಲು. ಅವನು ತನ್ನ ಮಗಳನ್ನು ಕೂಗಿ ಏನೋ ಕೇಳುತ್ತಿದ್ದ. ನನ್ನ ಮಗಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, “ಪಾಪೂನ ಕೊಡು ಅಂತಿದಾರೆ ಅಪ್ಪ.” ನಾನು ಗೋಡೆ ಬಿಟ್ಟು ಹತ್ತಿರ ಹೋಗಲಿಲ್ಲ. ಅವಳು ಫೋನನ್ನು ನನ್ನ ಕಡೆ ತಿರುಗಿಸಲು ಕೈ ಚಾಚಿದಳು. ಬೇಡ, ಅವನು ಕರೆಸಿದ್ದು ನಿನ್ನನ್ನು ಎಂದೆ.