ಭುಜಕ್ಕೆ ಒದೆಯದ ರೈಫಲ್

ನನ್ನ ಬಲಭುಜದ ಮೂಳೆಗೆ ಸ್ಟೀಲ್ ಪಟ್ಟಿ ಹಾಕಿದ್ದಾರೆ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗೆ ಹೆದರಿ ಬೈಕ್ ಸಮೇತ ಹಳ್ಳಕ್ಕೆ ಬಿದ್ದದ್ದರ ಪ್ರಸಾದ. ಆಮೇಲೆ ಅಪ್ಪ ಬಿಟ್ಟುಹೋದ ಹನ್ನೆರಡು ಬೋರಿನ ಬಂದೂಕು ಕಂಡರೇ ನನಗೆ ಎದೆ ಡವಗುಟ್ಟುತ್ತಿತ್ತು. ಹೊಡೆದರೆ ಕತ್ತೆಯಂತೆ ಒದೆಯುತ್ತದೆ. ಪಟ್ಟಿ ಕಿತ್ತು ಬಂದರೆ ಯಾರಿಗೆ ಹೇಳುವುದು?

ಕಂಪ್ಲಿ ಹತ್ತಿರದ ನಮ್ಮ ಬಾಳೆ ತೋಟಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದವು. ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಇತ್ತು. ಆದರೆ ಒದೆತಕ್ಕೆ ಹೆದರಿ ನಾನು ಕಣ್ಣು ಮುಚ್ಚಿ ಹೊಡೆದಿದ್ದರಿಂದ ಒಂದು ಹಂದಿಗೆ ಗಾಯ ಮಾತ್ರ ಆಗಿ, ಅದು ಬಾಳೆಯೊಳಗೆ ಹೊಕ್ಕಿತು. ಅದು ಸತ್ತು ಸಿಗುವ ತನಕ ಎರಡು ದಿನ ಬಾಳೆ ಸಾಲುಗಳ ಸುತ್ತ ಕಾವಲು ತಿರುಗಿದೆ. ಕೂಲಿಗೆ ಬಂದವರನ್ನು ಸೀಳಿದ್ದರೆ?

"ಬಂದೂಕು ಬ್ಯಾಡ, ಪಟಾಕಿ ಹಚ್ರಿ," ಅಂದಳು ಹೆಂಡತಿ. "ನಿಮ್ ಭುಜದ ಪುರಾಣ ಕೇಳಿ ಕೇಳಿ ಊರ್ ಮಂದಿಗೂ ಸಾಕಾಗೇತಿ."

ಕೋಪ ನೆತ್ತಿಗೇರಿತು. ಮರುದಿನವೇ ಹೊಸಪೇಟೆಯ ಬಂದೂಕಿನ ಅಂಗಡಿಗೆ ಹೋದೆ. ಒದೆಯಬಾರದು, ಹಂದಿಯೂ ಒಂದೇ ಏಟಿಗೆ ಬೀಳಬೇಕು ಎಂದೆ. ಅಂಗಡಿಯ ಮುದುಕ ನಕ್ಕ.

"ಸಣ್ಣ ಗುಂಡಿನ ಟೂ-ಟೂ ರೈಫಲ್ ಒದೆಯಂಗಿಲ್ರಿ, ಆದ್ರ ಹಂದಿಗೆ ಅದು ಸೊಳ್ಳಿ ಕಡದಂಗ. ದೊಡ್ಡ ಗುಂಡಿನ ತ್ರೀ-ಫಿಫ್ಟೀನ್ ಹಂದೀನೂ ಕೆಡವ್ತೈತಿ, ನಿಮ್ಮನ್ನೂ ಕೆಡವ್ತೈತಿ." ಕೊನೆಗೆ ಒಂದು ಹಳೆಯ ವಿದೇಶಿ ರೈಫಲ್ ತೆಗೆದ. "ಇದು ಟೂ-ಫಾರ್ಟಿ-ತ್ರೀ. ಗುಂಡು ಸಣ್ಣದು, ಓಟ ಭಾಳ ಜೋರು. ಒದೆತ ಕಡಿಮಿ, ಹಂದಿಗೆ ಸಾಕು. ಆದ್ರ ಗುರಿಯ ಹಿಂದ ಏನೈತಿ ನೋಡ್ಕೊಂಡು ಹೊಡೀರಿ."

ಒದೆತ ಕಡಿಮೆ ಅಂದದ್ದಷ್ಟೇ ನನ್ನ ತಲೆಗೆ ಹೋಯಿತು. ಲೈಸೆನ್ಸಿನಲ್ಲಿ ಅದನ್ನು ಬರೆಸಲು ತಿಂಗಳುಗಟ್ಟಲೆ ಕಚೇರಿ ಅಲೆದು ರೈಫಲ್ ಮನೆಗೆ ತಂದೆ.

ನಮ್ಮ ಮನೆಯಲ್ಲಿ ಬಂದೂಕನ್ನು ಬಾಳೆ ದಿಂಡಿಗೆ ಹೊಡೆದು ಪರೀಕ್ಷಿಸುವುದು ರೂಢಿ. ಅಪ್ಪನ ಬಂದೂಕಿನ ಸಣ್ಣ ಸೀಸದ ಚರೆಗಳು ದಿಂಡಿನಲ್ಲೇ ಸಿಕ್ಕಿಕೊಳ್ಳುತ್ತಿದ್ದವು, ಚಾಕುವಿನಿಂದ ಕಿತ್ತು ತೆಗೆಯುತ್ತಿದ್ದೆವು. ನಾನೂ ಒಂದು ಬೆಳಿಗ್ಗೆ ಹಂದಿಯಷ್ಟು ದಪ್ಪದ ದಿಂಡು ಕಡಿದು ಬಾಳೆ ಸಾಲಿಗೆ ಒರಗಿಸಿದೆ. ಹಲ್ಲು ಕಚ್ಚಿ ಹೊಡೆದೆ.

ಭುಜಕ್ಕೆ ಯಾರೋ ಮೆಲ್ಲಗೆ ತಟ್ಟಿದ ಹಾಗಾಯಿತು, ಅಷ್ಟೇ. ಭಲೇ ಅನ್ನುವಷ್ಟರಲ್ಲಿ ಸಾಲಿನ ಆಚೆಯಿಂದ "ಅಯ್ಯೋ ಯವ್ವಾ!" ಎಂಬ ಕೂಗು ಕೇಳಿತು.

ದಿಂಡಿನ ಹಿಂಭಾಗ ನೋಡಿದೆ. ಗುಂಡು ಆಚೆ ಹೊರಟುಹೋಗಿತ್ತು. ಅದರ ಹಿಂದಿನ ಗಿಡದಲ್ಲೂ ತೂತು, ಅದರ ಹಿಂದಿನದರಲ್ಲೂ. ಎಂಥಾ ಮುಟ್ಠಾಳ ನಾನು! ರೈಫಲ್ ಖಾಲಿ ಮಾಡಿ ಅಲ್ಲೇ ಇಟ್ಟು ಓಡಿದೆ. ದೇವರೇ, ಯಾರಿಗೂ ಏನೂ ಆಗದಿರಲಿ ಎಂದು ಬಾಯಿ ಬಡಬಡಿಸುತ್ತಿತ್ತು.

ಪಕ್ಕದ ತೋಟದಲ್ಲಿ ಬಾಳೆಎಲೆ ಕೊಯ್ಯುವ ಹೆಂಗಸು ನೆಲಕ್ಕೆ ಕುಕ್ಕರಿಸಿದ್ದಳು. ಮೈಮೇಲೆ ರಕ್ತ ಇರಲಿಲ್ಲ. ಅವಳ ಪಕ್ಕದಲ್ಲೇ ಅಂದು ಕೊಯ್ದ ಎಲೆಗಳ ಎದೆಯೆತ್ತರದ ಕಟ್ಟು ನಿಂತಿತ್ತು. ಅದರ ನಟ್ಟನಡುವೆ ಬೆರಳು ಹೋಗುವಷ್ಟು ತೂತು. ಅವಳು ಅದನ್ನಿನ್ನೂ ನೋಡಿರಲಿಲ್ಲ. ನಾನು ಆ ಕಟ್ಟನ್ನೇ ಹಿಡಿದು ನಿಂತೆ.

ಅವಳು ಗಾಬರಿಯಿಂದ ಎದ್ದು ನನ್ನ ಮುಖ ನೋಡಿದಳು.

"ಸಪ್ಪಳಕ್ಕ ಜೀವಾನ ಹಾರಿತ್ರಿ ನಂದು. ನೀವ್ಯಾಕ ಹಿಂಗ ಬೆವತೀರಿ? ಭುಜಕ್ಕ ಪೆಟ್ಟಾತೇನ್ರಿ?"