ಮಂಜಿನಲ್ಲಿ ಬಿಟ್ಟ ಚಿಗರಿ

ನಾನು ಚಿಕ್ಕವನಿದ್ದಾಗಿನ ಒಂದು ಮಾಗಿಯ ಭಾನುವಾರ, ಬೆಳಗಿನ ಏಳು ಗಂಟೆ, ಸುತ್ತಲೂ ದಟ್ಟ ಮಂಜು. ಮಂಡಕಳ್ಳಿಯ ಹೊಲಗಳ ಅಂಚಿನಲ್ಲಿ ಇದ್ದವರು ಅಪ್ಪ, ಅಕ್ಕ, ನಾನು ಮತ್ತು ನಮ್ಮ ಮೂರು ಬೇಟೆನಾಯಿಗಳು. ಆಗ ಮೊಲದ ಬೇಟೆಗೆ ಯಾರ ಅಡ್ಡಿಯೂ ಇರಲಿಲ್ಲ.

ಅಪ್ಪನಿಗೆ ಎಲ್ಲದರಲ್ಲೂ ಕ್ರಮ ಬೇಕು, ನಾಯಿಗಳಲ್ಲೂ. ಕರಿಯನದು ಜೋಲುಕಿವಿ, ನೆಲಕ್ಕೆ ಅಂಟಿದ ಮೂಗು. ಮೊಲ ಹೋದ ದಾರಿಯನ್ನು ಮೂಸಿ ಹಿಡಿಯುವುದು ಅದರ ಕೆಲಸ. ಮುಧೋಳ ತಳಿಯ ಚಿಗರಿಗೆ ಮೂಗಿಗಿಂತ ಕಣ್ಣು ಚುರುಕು. ಉದ್ದ ಕಾಲು, ಒಳಸೇರಿದ ಹೊಟ್ಟೆ. ಕಂಡದ್ದನ್ನು ಅಟ್ಟಿಸಿಕೊಂಡು ಹೊರಟರೆ ಯಾರ ಕೂಗೂ ಅದಕ್ಕೆ ಕೇಳಿಸದು. ಮೋತಿ ಈಜುಗಾರ. ನೀರಿಗೆ ಬಿದ್ದ ಹಕ್ಕಿಯನ್ನು ಒಂದು ಗರಿಯೂ ಮುರಿಯದಂತೆ ಬಾಯಲ್ಲಿ ತರುತ್ತಿತ್ತು. ಮಂಜು ಕವಿದಾಗ ಚಿಗರಿಯನ್ನು ಬಿಡಬಾರದು ಎಂಬುದು ಅಪ್ಪನದೇ ನಿಯಮ.

ಚಿಗರಿಯನ್ನು ಮರಿಯಿಂದ ಸಾಕಿದ್ದು ಅಕ್ಕ. ಅಂದು ತನ್ನ ಹಳೆಯ ಲಂಗದ ಕೆಂಪು ಅಂಚನ್ನು ಹರಿದು ಅದರ ಕೊರಳಿಗೆ ಕಟ್ಟಿದ್ದಳು.

ಮಂಜು ಕೊಂಚ ಸರಿಯಿತು. ಹುರುಳಿ ಹೊಲದಿಂದ ಮೊಲವೊಂದು ಚಿಮ್ಮಿತು. ಚಿಗರಿ ಹಗ್ಗ ಜಗ್ಗಿತು.

"ಬೇಡ ಅಪ್ಪಾ, ಚಾಮುಂಡಿ ಬೆಟ್ಟ ಇನ್ನೂ ಕಾಣ್ತಿಲ್ಲ," ಎಂದಳು ಅಕ್ಕ.

"ಹೊಲ ಕಾಣ್ತಿದೆಯಲ್ಲ ಕಣಮ್ಮ, ಸಾಕು," ಎನ್ನುತ್ತ ಅಪ್ಪ ಹಗ್ಗ ಬಿಚ್ಚಿದರು.

ಚಿಗರಿ ಬಾಣದಂತೆ ಹೋಯಿತು. ಅದರ ಹಿಂದೆಯೇ ಮಂಜು ಮತ್ತೆ ಮುಚ್ಚಿಕೊಂಡಿತು. ಓಟದ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತೇಹೋಯಿತು. ಅಕ್ಕ ಗಂಟಲು ಕಟ್ಟುವವರೆಗೂ ಕೂಗಿದಳು.

ಅಪ್ಪ ಚಿಗರಿಯ ಹಗ್ಗವನ್ನು ಕರಿಯನಿಗೆ ಮೂಸಲು ಕೊಟ್ಟರು. ಅದು ಬದುಗಳ ಮೇಲೆ ನಮ್ಮನ್ನು ಎಳೆದುಕೊಂಡು ಕೆರೆಯ ಅಂಚಿಗೆ ಬಂತು. ಅಲ್ಲಿ ಅತ್ತಿತ್ತ ಸುಳಿದಾಡಿ, ಕುಳಿತು, ಕತ್ತೆತ್ತಿ ಊಳಿಟ್ಟಿತು. ಆ ದನಿ ಈಗಲೂ ಮಾಗಿಯ ಬೆಳಗಿನಲ್ಲಿ ನನ್ನನ್ನು ಎಬ್ಬಿಸುತ್ತದೆ.

"ಹೋಗೋ ಮೋತಿ, ತಗೊಂಡ್ಬಾ," ಎಂದರು ಅಪ್ಪ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಮೋತಿ ಮಂಜಿನೊಳಕ್ಕೆ ಈಜಿತು. ಬಹಳ ಹೊತ್ತಿನ ಮೇಲೆ ಬಂದು ಅಕ್ಕನ ಪಾದದ ಬಳಿ ಕೆಂಪು ಪಟ್ಟಿಯನ್ನು ಮೆಲ್ಲಗೆ ಇಟ್ಟಿತು.

"ಗಂಟು ಹಾಗೇ ಇದೆ ಅಪ್ಪಾ! ಅದರ ತಲೆ ಸಣ್ಣದಲ್ವಾ, ಪಟ್ಟಿ ಜಾರಿಸ್ಕೊಂಡು ಆಚೆ ದಡಕ್ಕೆ ಹೋಗ್ಬುಟ್ಟಿದೆ," ಎಂದಳು ಅಕ್ಕ.

ಬಿಸಿಲು ಬಂದ ಮೇಲೆ ಇಡೀ ಕೆರೆ ಸುತ್ತಿದೆವು. ಆಚೆ ದಡದ ಕೆಸರಿನಲ್ಲಿ ಒಂದೂ ಹೆಜ್ಜೆಯ ಗುರುತಿರಲಿಲ್ಲ.

ಮಕ್ಕಳೇ, ಈಗ ಅಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದೆ. ಬೇಟೆಯನ್ನು ಕಾನೂನು ನಿಲ್ಲಿಸಿದೆ, ಒಳ್ಳೆಯದೇ ಆಯಿತು. ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ ನಿಮ್ಮ ಪಮೇರಿಯನ್ ಸೋಫಾದ ಮೇಲೆ ಮಲಗುತ್ತದೆ. ಬೆಲ್ ಆದರೆ ಬೊಗಳುವುದಷ್ಟೇ ಅದರ ಕೆಲಸ. "ಗೇಟಿಗೆ ಬೀಗ ಹಾಕೋಕೆ ಇಷ್ಟೊತ್ತಾ ತಾತ?" ಎಂದು, ರಾತ್ರಿ ಗೇಟಿನ ಬಳಿ ನಿಂತೇ ಇರುವ ನನ್ನನ್ನು ನೋಡಿ ನೀವು ನಗುತ್ತೀರಿ.

ಅಂದು ಸಂಜೆ ಅಕ್ಕ ಎಂದಿನಂತೆ ಮೂರು ತಟ್ಟೆ ಇಟ್ಟಳು. ಕರಿಯ ಊಟ ಬಿಟ್ಟು, ಯಾರೂ ಇಲ್ಲದ ಗೇಟಿನ ಕಡೆ ಮೂಗೆತ್ತಿ ಬಾಲ ಆಡಿಸುತ್ತ ನಿಂತಿತು. ಗೇಟಿನ ಚಿಲಕ ಹಾಕುವುದು ದಿನದ ಕೊನೆಯ ಕೆಲಸ, ಅದು ಅಪ್ಪನದು. ಅವರು ಚಿಲಕದ ಮೇಲೆ ಕೈಯಿಟ್ಟು ಬೀದಿಯನ್ನು ನೋಡಿದರು, ಮೆಟ್ಟಿಲ ಮೇಲೆ ಕುಳಿತ ಅಕ್ಕನನ್ನು ನೋಡಿದರು.

"ಇವತ್ತು ಹೀಗೇ ಇರ್ಲಿ ಕಣಮ್ಮ," ಎಂದರು. ಗೇಟನ್ನು ಒಂದು ನಾಯಿ ತೂರುವಷ್ಟು ತೆರೆದಿಟ್ಟು ಒಳಗೆ ಬಂದರು.