ಕಣ್ಣು ಬಿಟ್ಟ ಫೋಟೋ

ಮೊನ್ನೆ ಸೈನ್ಸ್ ಲ್ಯಾಬಿನಲ್ಲಿ ಯಾರೋ ಒಂದು ಬಾಟಲಿ ಒಡೆದರು. ಹುಳಿ ವಾಸನೆ ಸ್ಟಾಫ್ ರೂಮಿನವರೆಗೂ ಬಂತು. ಮಿಕ್ಕವರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು, ನಾನು ಕೂತೇ ಇದ್ದೆ. ನನಗದು ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದಿನ ಫೋಟೋ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕತ್ತಲೆ ಕೋಣೆಯ ವಾಸನೆ... ಆ ಸ್ಟುಡಿಯೋದವರು ಈಗಿಲ್ಲ. ಕೋಣೆಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೊಂದು ಯೋಜನೆ ಬಂದಿತ್ತು. ಸುತ್ತಲಿನ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ತುಂಬಿ, ದೊಡ್ಡ ಟಚ್ ಸ್ಕ್ರೀನಿನಲ್ಲಿ ಮಕ್ಕಳ ಮುಂದಿಡುವುದು. ಮಗು ಒಂದು ಫೋಟೋ ಮುಟ್ಟಬೇಕು, ಅದು ಯಾವ ಊರಿನದು, ಯಗಟಿಯದೋ ಸಿಂಗಟಗೆರೆಯದೋ ಅಂತ ಮನೆಯಲ್ಲಿ ಕೇಳಿ ಬರಬೇಕು, ಅದರ ಕಥೆಯನ್ನು ತನ್ನದೇ ದನಿಯಲ್ಲಿ ಸೇರಿಸಬೇಕು. ಸಮಾಜ ಪಾಠದ ಮೇಷ್ಟ್ರು ಅಂತ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದರು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ನೌಕರಿ ನಮ್ಮದು. ಆಗಲಿ ಅಂದೆ.

ಫೋಟೋ ಇದ್ದದ್ದೆಲ್ಲ ಸ್ಟುಡಿಯೋದವರ ಹತ್ತಿರ. ಅಜ್ಜಂಪುರ, ಕಡೂರು ಕಡೆಯ ಮದುವೆ, ನಾಮಕರಣ, ಸಾವು, ಎಲ್ಲದಕ್ಕೂ ಹಳೇ ಸ್ಕೂಟರಿನಲ್ಲಿ ಹೋಗುತ್ತಿದ್ದವರು ಅವರೇ. ನೆಗೆಟಿವ್‌ಗಳನ್ನು ಬಿಸ್ಕತ್ ಡಬ್ಬಗಳಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದರು.

"ತಗೊಂಡ್ ಹೋಗಿ ಮೇಷ್ಟ್ರೇ, ಮಕ್ಳಾದ್ರೂ ನೋಡ್ಲಿ. ನಮ್ಮನೆಯವಳದ್ದೂ ಒಂದೈತೆ, ಸ್ವಲ್ಪ ಹುಷಾರು" ಅಂದಿದ್ದರು.

ಹೆಂಡತಿಯದು ಅದೊಂದೇ ಫೋಟೋ. ಮಕ್ಕಳಿರಲಿಲ್ಲ. ಇವರು ಕ್ಯಾಮೆರಾ ಎತ್ತಿದರೆ ಸಾಕು, ಆಕೆ ಸೆರಗು ಮುಖಕ್ಕೆಳೆದುಕೊಂಡು ನಗುತ್ತಾ ಒಳಗೆ ಓಡುತ್ತಿದ್ದರಂತೆ. ತೀರಿಕೊಂಡ ದಿನ ಮಾತ್ರ ಓಡಲಿಲ್ಲ. ನಮ್ಮ ಕಡೆಯ ವೀರಶೈವ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಸುತ್ತ ಮನೆಮಂದಿ. ಹಾಗೇ ಒಂದು ಫೋಟೋ. ಅವರೇ ತೆಗೆದದ್ದು.

ಡಬ್ಬಗಳಲ್ಲಿ ಅಂಥವು ಬೇಕಾದಷ್ಟಿದ್ದವು. ಕವರಿನ ಮೇಲೆ ಊರು, ಮನೆತನ ಅಷ್ಟೇ. ಸತ್ತವರು ಅಂತ ಯಾರೂ ಬರೆದಿರಲಿಲ್ಲ, ನಾವೂ ಬರೆಯಲಿಲ್ಲ. ನೋಡಿದರೆ ಗೊತ್ತಾಗುತ್ತಲ್ಲ, ಬರೆಯುವುದೇನು?

ಗೊತ್ತಾಗದವಳು ಒಬ್ಬಳಿದ್ದಳು. ಕಂಪ್ಯೂಟರ್ ಪ್ರೋಗ್ರಾಂ ಮಾಡಲು ಮಂಗಳೂರಿಂದ ಬಂದಿದ್ದ ಡಿಸೈನರ್ ಹುಡುಗಿ. ಪಾಪ, ಒಳ್ಳೆಯವಳು, ಊಟ ಬಿಟ್ಟು ಕೆಲಸ ಮಾಡುತ್ತಿದ್ದಳು. ಮುಟ್ಟಿದ ಕೂಡಲೇ ಫೋಟೋದಲ್ಲಿರುವವರು ಕಣ್ಣು ಮಿಟುಕಿಸಿ ನಗುವ ಹಾಗೆ ಮಾಡಿದ್ದಳು. "ಮಕ್ಕಳು ಸ್ಕ್ರೀನಿನ ಮುಂದೆ ನಿಲ್ಲಬೇಕಲ್ಲ ಸರ್" ಅಂದಳು. ಅದೂ ನಿಜವೇ.

ಮೊದಲ ದಿನ ಸ್ಟುಡಿಯೋದವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಮಕ್ಕಳು ಮುಟ್ಟಿದ್ದೇ ಮುಟ್ಟಿದ್ದು, ಅಜ್ಜಂದಿರು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಎಂಟನೇ ಕ್ಲಾಸಿನ ಒಬ್ಬಳು ಹಾರ ಹಾಕಿಕೊಂಡು ಕೂತ ಹೆಂಗಸನ್ನು, ಸ್ಟುಡಿಯೋದವರ ಹೆಂಡತಿಯನ್ನೇ, ಮುಟ್ಟಿದಳು. ಆಕೆ ಕಣ್ಣು ಬಿಟ್ಟರು. ನಕ್ಕರು.

ಸುತ್ತ ನಿಂತಿದ್ದ ಮಕ್ಕಳು ಹಿಂದೆ ಸರಿದರು.

"ಸಾ, ಅದು ಹೆಣ ಕಣ್ ಸಾ. ಕೂರ್ಸವ್ರೆ" ಅಂದಳು ಹುಡುಗಿ, ಕೈ ಹಿಂದಕ್ಕೆಳೆದುಕೊಂಡು.

ಡಿಸೈನರ್ ನನ್ನ ಮುಖ ನೋಡಿದಳು. ವಿಷಯ ತಿಳಿದಾಗ ಅತ್ತೇಬಿಟ್ಟಳು, ಅಲ್ಲೇ ನಿಂತು ಅಂಥವನ್ನೆಲ್ಲ ಅಳಿಸಿದಳು. ಸ್ಟುಡಿಯೋದವರು ನಾವು ಕೊಟ್ಟ ಟೀ ಕುಡಿದು ಎದ್ದು ಹೋದರು.

ವಾರ ಕಳೆದು ಶಾಲೆಗೆ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ವರಾಂಡದ ಬೆಂಚಿನ ಮೇಲೆ ಕೂತರು.

"ಅವಳು ಹಂಗೆ ನಗ್ತಿರ್ಲಿಲ್ಲ ಮೇಷ್ಟ್ರೇ" ಅಂದರು. "ಹೆಂಗೆ ನಗ್ತಿದ್ಲು ಅಂತ ಕಣ್ಮುಚ್ಚಿದ್ರೆ ಕಾಣೋದು. ಈಗ ಕಣ್ಮುಚ್ಚಿದ್ರೆ ಆ ಸ್ಕ್ರೀನಿನ ನಗುನೇ ಬತ್ತದೆ. ಅದನ್ನ ತೆಗ್ಯಕ್ಕಾಗುತ್ತಾ?"

"ಅವತ್ತೇ ತೆಗ್ದಾಯ್ತಲ್ಲ ಯಜಮಾನ್ರೇ."

"ಅಲ್ಲಿಂದಲ್ಲ ಕಣ್ರೀ..."

ಗಂಟೆ ಹೊಡೆಯಿತು, ನಾನು ಕ್ಲಾಸಿಗೆ ಹೋದೆ.

ಹೋದ ಬೇಸಿಗೆಯಲ್ಲಿ ಅವರೂ ತೀರಿಕೊಂಡರು. ಸ್ಕ್ರೀನ್ ಇನ್ನೂ ಇದೆ, ಮಕ್ಕಳ ದನಿಗಳೂ ಇವೆ, ನೋಡಲು ಬಂದವರೆಲ್ಲ ಹೊಗಳಿ ಹೋಗುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆದರೆ ಆ ಹೆಂಗಸು ಹೇಗೆ ನಗುತ್ತಿದ್ದರು ಅಂತ ಬಲ್ಲವರು ಒಬ್ಬರೇ ಇದ್ದರು. ಸಾಯುವ ಹೊತ್ತಿಗೆ ಅದು ಅವರಿಗೂ ಗೊತ್ತಿರಲಿಲ್ಲ.